ಗೋಡೆಯೊಳಗಿನ ಬಿಸಿನೀರು



ಹೊಸ ಮನೆ ಕಟ್ಟುವವರು ಮುಂಬಾಗಿಲ ಮರವನ್ನು ನಾಲ್ಕು ಸಲ ತಟ್ಟಿ ನೋಡಿ ಆರಿಸುತ್ತಾರೆ. ನೆಲಕ್ಕೆ ಹಾಸುವ ಕಲ್ಲಿನ ಬಣ್ಣ ಯಾವುದಿರಬೇಕೆಂದು ಮನೆಮಂದಿಯೆಲ್ಲ ಕೂತು ವಾದ ಮಾಡುತ್ತಾರೆ. ಗೋಡೆಯೊಳಗೆ ಹೂತುಹೋಗುವ ನೀರಿನ ಪೈಪಿನ ಮಾತು ಬಂದಾಗ ಮಾತ್ರ, 'ನಿಮಗೆ ಸರಿ ಕಂಡದ್ದನ್ನು ಹಾಕಿಬಿಡಿ' ಎಂದು ಕೆಲಸದವರಿಗೆ ಹೇಳಿ ಸುಮ್ಮನಾಗುತ್ತಾರೆ. ಬಾಗಿಲು ಕೆಟ್ಟರೆ ಕೀಲು ಬಿಚ್ಚಿ ಬೇರೆ ಹಾಕಬಹುದು. ಪೈಪು ಕೆಟ್ಟರೆ ಟೈಲ್ಸ್ ಕೀಳಬೇಕು, ಗೋಡೆ ಒಡೆಯಬೇಕು, ಅದೇ ಬಣ್ಣದ ಟೈಲ್ಸಿಗಾಗಿ ಪೇಟೆಯೆಲ್ಲ ಅಲೆಯಬೇಕು. ಬಿಸಿನೀರಿನ ಪೈಪಾದರೆ ಖರ್ಚಿನ ಜೊತೆಗೆ ಮೈ ಸುಡುವ ಅಪಾಯವೂ ಸೇರಿಕೊಂಡಿದೆ. ಆದ್ದರಿಂದ ಇಂದಿನ ಮಾತು, ಮನೆಯಲ್ಲಿ ಬಿಸಿನೀರಿನ ಪೈಪು ಯಾವ ಅಳತೆಯದು ಇರಬೇಕು, ಯಾವ ವಸ್ತುವಿನದು ಇರಬೇಕು ಎಂಬುದರ ಬಗ್ಗೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಒಲೆ, ಕೈಯಲ್ಲಿ ತಂಬಿಗೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ತಾಮ್ರದ ಬಂಬದಲ್ಲಿ ಕಾಯಿಸಿಕೊಂಡರು. ಕಾಸರಗೋಡಿನ ತೋಟದ ಮನೆಗಳಲ್ಲಿ ಅಡಿಕೆ ಸೋಗೆ, ತೆಂಗಿನ ಗರಿಗಳೇ ಬಚ್ಚಲೊಲೆಗೆ ಸೌದೆಯಾದವು. ಬೆಂಕಿ ಇದ್ದಲ್ಲೇ ನೀರು, ನೀರು ಇದ್ದಲ್ಲೇ ಸ್ನಾನ. ಈಗ ಬಿಸಿ ಹುಟ್ಟುವ ಜಾಗ ಒಂದು, ಬಳಸುವ ಜಾಗ ಇನ್ನೊಂದು. ತಾರಸಿಯ ಮೇಲೆ ಸೋಲಾರ್, ಕೆಳಗಿನ ಮನೆಯಲ್ಲಿ ಬಚ್ಚಲು. ನಡುವೆ ನಲವತ್ತು ಐವತ್ತು ಅಡಿ ಪೈಪು. ಇಡೀ ತೊಂದರೆ ಹುಟ್ಟುವುದು ಈ ನಲವತ್ತು ಐವತ್ತು ಅಡಿಯಲ್ಲಿ.

ಪೈಪಿನಲ್ಲಿ ಬಿಸಿನೀರು ಹರಿಸುವ ಲೆಕ್ಕವನ್ನು ಬಹಳ ಚೆನ್ನಾಗಿ ಮಾಡಿಟ್ಟವರು ಚಳಿ ದೇಶದವರು. ಬ್ರಿಟನ್ನಿಗೋ ಜರ್ಮನಿಗೋ ಕೆನಡಾಕ್ಕೋ ಮಕ್ಕಳನ್ನು ನೋಡಲು ಹೋಗಿ ಬಂದವರು ನಿಮ್ಮಲ್ಲಿದ್ದರೆ, ಅಲ್ಲಿನ ಮನೆಗಳಲ್ಲಿ ಕಿಟಕಿಯ ಕೆಳಗೆ ಗೋಡೆಗೆ ಅಂಟಿದಂತಿರುವ ಬಿಳಿಯ ತಗಡಿನ ಹಲಗೆಯನ್ನು ನೋಡಿರಬಹುದು. ಅದರೊಳಗೆ ಬಿಸಿನೀರು ಓಡಾಡುತ್ತಿರುತ್ತದೆ. ಒಂದು ಕಡೆ ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ತಳ್ಳುತ್ತದೆ. ಅದು ಕೋಣೆ ಕೋಣೆಗೂ ಹೋಗಿ, ಬಿಸಿಯನ್ನು ಬಿಟ್ಟುಕೊಟ್ಟು, ತಣಿದು ಬಾಯ್ಲರಿಗೆ ವಾಪಸು ಬರುತ್ತದೆ. ಕೆಲವು ಮನೆಗಳಲ್ಲಿ ಪೈಪನ್ನು ನೆಲದ ಗಾರೆಯೊಳಗೇ ಹಾವಿನ ಹಾಗೆ ಸುತ್ತಿಸಿ ಹಾಸಿರುತ್ತಾರೆ. ಆಗ 35ರಿಂದ 45 ಡಿಗ್ರಿಯ ನೀರೇ ಸಾಕು, ಕಾಲಿಟ್ಟರೆ ನೆಲ ಬೆಚ್ಚಗೆ ಹಿತವಾಗಿರುತ್ತದೆ.

ಅವರ ಲೆಕ್ಕ ಶುರುವಾಗುವುದು ಹೀಗೆ. ಒಂದು ಲೀಟರ್ ನೀರು 1 ಡಿಗ್ರಿ ತಣಿದರೆ 1 ಕಿಲೊಕ್ಯಾಲೊರಿ ಶಾಖ ಕೊಡುತ್ತದೆ. ಒಂದು ಕಿಲೊವಾಟಿನ ಹೀಟರು ಒಂದು ಗಂಟೆಯಲ್ಲಿ ಕೊಡುವುದು ಸುಮಾರು 860 ಕಿಲೊಕ್ಯಾಲೊರಿ. ನೀರು ಹೋಗಿ ಬರುವಷ್ಟರಲ್ಲಿ 10 ಡಿಗ್ರಿ ತಣಿಯುವುದಾದರೆ, ಅಷ್ಟು ಶಾಖಕ್ಕೆ ಗಂಟೆಗೆ 86 ಲೀಟರ್ ಹರಿಯಬೇಕು. 20 ಡಿಗ್ರಿ ತಣಿಯುವುದಾದರೆ 43 ಲೀಟರ್ ಸಾಕು. ಮನೆಗೆ ಒಟ್ಟು 8 ಕಿಲೊವಾಟ್ ಬೇಕು, ನೀರು 10 ಡಿಗ್ರಿ ತಣಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ನಿಮಿಷಕ್ಕೆ ಹನ್ನೊಂದೂವರೆ ಲೀಟರ್ ಹರಿಯಬೇಕಾಯಿತು. 15 ಮಿಲಿಮೀಟರಿನ ತಾಮ್ರದ ಪೈಪಿನಲ್ಲಿ ಇಷ್ಟನ್ನು ನುಗ್ಗಿಸಿದರೆ ಸೆಕೆಂಡಿಗೆ 1.3 ಮೀಟರ್ ವೇಗ ಬರುತ್ತದೆ, ರಾತ್ರಿ ಪೈಪು ಸುಯ್ಯೆಂದು ಸದ್ದು ಮಾಡುತ್ತದೆ, ಪಂಪಿಗೂ ಹೊರೆ. 22 ಮಿಲಿಮೀಟರಿನದಾದರೆ ವೇಗ 0.6 ಮೀಟರಿಗೆ ಇಳಿಯುತ್ತದೆ. ಹಾಗಾಗಿ ಮುಖ್ಯ ಪೈಪು 22ರದು, ಒಂದೊಂದು ಕೋಣೆಗೆ ಒಡೆದುಹೋಗುವ ಕವಲು 15ರದು. ಅಂದಾಜಿನ ಮೇಲೆ ದಪ್ಪ ಪೈಪು ತಂದು ಹಾಕುವ ಪದ್ಧತಿ ಅಲ್ಲಿಲ್ಲ.

ಇದನ್ನೆಲ್ಲ ನಮಗೇಕೆ ಹೇಳುತ್ತೀರಿ, ನಮ್ಮ ಮನೆಯನ್ನು ಬೆಚ್ಚಗಿಡಲು ಸೂರ್ಯನೇ ಇದ್ದಾನಲ್ಲ ಎಂದು ರಾಯದುರ್ಗದವರು ಕೇಳಬಹುದು. ಉದಕಮಂಡಲದಲ್ಲಿ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕಂಡವರು ಹಾಗೆ ಕೇಳಲಾರರು. ಅದಿರಲಿ. ಹೇಳಿದ್ದಕ್ಕೆ ಕಾರಣವಿದೆ. ಪೈಪು ಮಾರುವ ಕಂಪನಿಗಳ ಪುಸ್ತಕಗಳಲ್ಲಿ ಇರುವ ಸಲಹೆಗಳಲ್ಲಿ ಎಷ್ಟೋ ಆ ದೇಶಗಳ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಂಥವು. ಅಲ್ಲಿಗೂ ಇಲ್ಲಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ.

ಮೊದಲನೆಯದು, ಅಲ್ಲಿ ನೀರನ್ನು ತಳ್ಳಲು ಪಂಪು ಇದೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ನೀರು ಇಳಿಯುವುದು ತೊಟ್ಟಿಯ ಎತ್ತರದ ಬಲದಿಂದ ಮಾತ್ರ. ಎರಡನೆಯದು ಇನ್ನೂ ಮುಖ್ಯ. ಅಲ್ಲಿ ಮನೆ ಬೆಚ್ಚಗೆ ಮಾಡುವ ಪೈಪಿನೊಳಗೆ ವರ್ಷವಿಡೀ ಅದೇ ನೀರು ಸುತ್ತುತ್ತಿರುತ್ತದೆ. ಆ ನೀರಿನಲ್ಲಿದ್ದ ಸುಣ್ಣ ಒಮ್ಮೆ ಕೂತರೆ ಮುಗಿಯಿತು, ಮತ್ತೆ ಹೊಸ ಸುಣ್ಣ ಬರುವುದಿಲ್ಲ. ಅದರಲ್ಲಿದ್ದ ಗಾಳಿಯ ಅಂಶ ಒಮ್ಮೆ ಕಬ್ಬಿಣವನ್ನು ಸ್ವಲ್ಪ ತಿಂದರೆ ತೀರಿತು. ಎಷ್ಟೆಂದರೆ, ಪ್ಲಾಸ್ಟಿಕ್ಕಿನ ಗೋಡೆಯ ಮೂಲಕ ಆಮ್ಲಜನಕ ನುಸುಳಿ ಒಳಗಿನ ಉಕ್ಕನ್ನು ತಿನ್ನಬಾರದೆಂದು ಅಲ್ಲಿನ ಪೈಪಿಗೆ ಗಾಳಿ ತಡೆಯುವ ಒಂದು ಪದರವನ್ನೇ ಸೇರಿಸಿರುತ್ತಾರೆ. ನಮ್ಮ ಬಚ್ಚಲ ಪೈಪಿಗೆ ಮಾತ್ರ ದಿನ ಬೆಳಗಾದರೆ ಹೊಸ ನೀರು, ಹೊಸ ಸುಣ್ಣ, ಹೊಸ ಗಾಳಿ. ಹೀಗಾಗಿ ನಮ್ಮ ಆಯ್ಕೆ ನಿಂತಿರುವುದು ಎರಡರ ಮೇಲೆ: ನಿಮ್ಮ ತೊಟ್ಟಿ ಎಷ್ಟು ಎತ್ತರದಲ್ಲಿದೆ, ನಿಮ್ಮ ನೀರು ಎಂಥದು.

ಮೊದಲು ಅಳತೆಯ ಮಾತು. ದಪ್ಪ ಪೈಪು ಹಾಕಿದರೆ ನೀರು ಜೋರಾಗಿ ಬರುತ್ತದೆ ಎಂಬ ನಂಬಿಕೆ ಎಲ್ಲ ಊರಿನಲ್ಲೂ ಇದೆ. ತಣ್ಣೀರಿಗೆ ಅದು ಬಹುಮಟ್ಟಿಗೆ ನಿಜ. ಬಿಸಿನೀರಿಗೆ ಅರ್ಧ ನಿಜ. ಬೆಳಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ರಾತ್ರಿಯಿಡೀ ಪೈಪಿನೊಳಗೆ ನಿಂತು ತಣ್ಣಗಾದ ನೀರು. ಅದೆಲ್ಲ ಹೊರಗೆ ಹೋದ ಮೇಲೆ ಬಿಸಿ ಬರಬೇಕು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಸಿಪಿವಿಸಿ ಪೈಪನ್ನೇ ತೆಗೆದುಕೊಳ್ಳಿ. 15 ಮೀಟರ್, ಅಂದರೆ ಸುಮಾರು ಐವತ್ತು ಅಡಿ ಉದ್ದದಲ್ಲಿ, ಅರ್ಧ ಇಂಚಿನ ಪೈಪಿನೊಳಗೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ ನೀರು ನಿಲ್ಲುತ್ತದೆ. ಮುಕ್ಕಾಲು ಇಂಚಿನದರಲ್ಲಿ ಸುಮಾರು ನಾಲ್ಕು ಲೀಟರ್. ಒಂದು ಇಂಚಿನದರಲ್ಲಿ ಆರೂವರೆ ಲೀಟರ್. ಮನೆಯಲ್ಲಿ ನಾಲ್ಕು ಜನ ಬೇರೆ ಬೇರೆ ಹೊತ್ತಿಗೆ ಸ್ನಾನ ಮಾಡಿದರೆ, ಒಂದು ಇಂಚಿನ ಪೈಪಿನವರು ದಿನಕ್ಕೆ ಇಪ್ಪತ್ತೈದು ಲೀಟರಿನಷ್ಟು ತಣ್ಣೀರನ್ನು ಮೋರಿಗೆ ಬಿಟ್ಟು ಕಾಯಬೇಕು. ಅಷ್ಟೇ ಲೀಟರ್ ಕಾದ ನೀರು ಸ್ನಾನ ಮುಗಿದ ಮೇಲೆ ಪೈಪಿನಲ್ಲೇ ಉಳಿದು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಆದೋನಿಯ ಓಣಿಗಳಲ್ಲಿ, ಜತ್ತದ ಹಳ್ಳಿಗಳಲ್ಲಿ ಒಂದು ಕೊಡ ನೀರಿನ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲ ಕಡೆ ಅರ್ಧ ಇಂಚೇ ಹಾಕೋಣವೆ? ಅದಕ್ಕೂ ಲೆಕ್ಕ ನೋಡಬೇಕು. ತೊಟ್ಟಿಯ ನೀರಿನ ಮಟ್ಟ ನಿಮ್ಮ ಷವರಿಗಿಂತ 3 ಮೀಟರ್ ಮೇಲಿದೆ ಎಂದುಕೊಳ್ಳೋಣ. ಆ ಮೂರು ಮೀಟರೇ ನಿಮ್ಮ ಬಂಡವಾಳ. ನಿಮಿಷಕ್ಕೆ 8 ಲೀಟರ್ ಹರಿಯಬೇಕಾದರೆ, ಐವತ್ತು ಅಡಿ ಉದ್ದದ ಅರ್ಧ ಇಂಚಿನ ಸಿಪಿವಿಸಿ ಪೈಪಿನ ತಿಕ್ಕಾಟಕ್ಕೇ ಸುಮಾರು 1.9 ಮೀಟರ್ ಹೋಗುತ್ತದೆ. ಎಲ್ಬೋಗಳು, ವಾಲ್ವುಗಳು, ಷವರಿನ ತೂತುಗಳು ಪಾಲು ಕೇಳಿದ ಮೇಲೆ ನಿಮಗೆ ಉಳಿಯುವುದು ತೊಟ್ಟಿಕ್ಕುವ ನೀರು. ಪಕ್ಕದ ಬಚ್ಚಲಲ್ಲೂ ಒಂದು ನಲ್ಲಿ ತೆರೆದರೆ ಅದೇ ಪೈಪಿಗೆ 6 ಮೀಟರಿಗಿಂತ ಹೆಚ್ಚು ಬೇಕು. ಅದು ನಿಮ್ಮಲ್ಲಿ ಇಲ್ಲವೇ ಇಲ್ಲ. ಮುಕ್ಕಾಲು ಇಂಚಿನದಾದರೆ ಒಂದು ನಲ್ಲಿಗೆ 0.3 ಮೀಟರ್, ಎರಡು ನಲ್ಲಿಗೆ ಸುಮಾರು ಒಂದು ಮೀಟರ್ ಸಾಕು. ಪೈಪಿನ ಒಳವ್ಯಾಸ ಒಂದೂವರೆ ಪಟ್ಟಿನಷ್ಟೂ ಹೆಚ್ಚಾಗಿಲ್ಲ, ತಿಕ್ಕಾಟ ಮಾತ್ರ ಆರರಲ್ಲಿ ಒಂದು ಪಾಲಿಗೆ ಇಳಿಯಿತು.

ಇದರಿಂದ ಹೊರಡುವ ಪದ್ಧತಿ ಸರಳವಾದದ್ದೆ. ತಾರಸಿಯಿಂದ ಇಳಿಯುವ ಮುಖ್ಯ ಪೈಪು ಮುಕ್ಕಾಲು ಇಂಚಿನದಿರಲಿ. ಬಚ್ಚಲ ಗೋಡೆಯವರೆಗೆ ಬಂದ ಮೇಲೆ ಒಂದೊಂದು ನಲ್ಲಿಗೂ ಅರ್ಧ ಇಂಚಿನ ಗಿಡ್ಡ ಕವಲು ತೆಗೆಯಿರಿ. ಮೂರು ಬಚ್ಚಲು ಇರುವ ದೊಡ್ಡ ಮನೆಯಾದರೆ, ಅಥವಾ ತೊಟ್ಟಿ ತೀರಾ ತಗ್ಗಿನಲ್ಲಿದ್ದರೆ, ಇಳಿಯುವ ಪೈಪನ್ನು ಮಾತ್ರ ಒಂದು ಇಂಚಿಗೆ ಏರಿಸಿ. ಒತ್ತಡದ ಪಂಪು ಹಾಕಿದವರಿಗೆ ಇಷ್ಟು ದಪ್ಪ ಬೇಡ. ಇದೆಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ: ಮನೆಯ ನಕ್ಷೆ ಬರೆಸುವಾಗಲೇ ಬಚ್ಚಲನ್ನು ಸೋಲಾರ್ ಇಡುವ ಮೂಲೆಯ ನೇರ ಕೆಳಗೆ ತನ್ನಿ. ಇಪ್ಪತ್ತು ಅಡಿ ಪೈಪು ಕಡಿಮೆಯಾದರೆ ಕಾಯುವುದೂ ತಿಕ್ಕಾಟವೂ ಒಟ್ಟಿಗೇ ಕಡಿಮೆಯಾದವು.

ಇಲ್ಲಿ ಅಂಗಡಿಯಲ್ಲಿ ಎಲ್ಲರೂ ಎಡವುವ ಒಂದು ವಿಷಯ ಹೇಳಬೇಕು. 'ಅರ್ಧ ಇಂಚು' ಎನ್ನುವುದು ಹೆಸರು ಮಾತ್ರ. ಅರ್ಧ ಇಂಚಿನ ಜಿಐ ಪೈಪಿನ ಒಳವ್ಯಾಸ ಸುಮಾರು 16 ಮಿಲಿಮೀಟರ್. ಅರ್ಧ ಇಂಚಿನ ಸಿಪಿವಿಸಿಯದು ಹನ್ನೆರಡೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹಸಿರು ಬಣ್ಣದ ಪಿಪಿಆರ್ ಪೈಪಿನಲ್ಲಿ '20' ಎಂದರೆ ಹೊರಗಿನ ಅಳತೆ. ಅದರ ಗೋಡೆ ದಪ್ಪ, ಒಳಗೆ ಉಳಿಯುವುದು ಸುಮಾರು 13. ಹಳೆಯ ಮನೆಯ ಮುಕ್ಕಾಲು ಇಂಚಿನ ಜಿಐ ತೆಗೆದು ಮುಕ್ಕಾಲು ಇಂಚಿನ ಸಿಪಿವಿಸಿ ಹಾಕಿಸಿದವರು, 'ಹೊಸ ಪೈಪಿಗೆ ನೀರು ಕಡಿಮೆ ಬರುತ್ತದಲ್ಲ' ಎಂದು ಸಂಕಟಪಡುವುದು ಇದಕ್ಕೇ. ಹಳೆಯದು ಇಪ್ಪತ್ತೊಂದೂವರೆ, ಹೊಸದು ಹದಿನೆಂಟು. ಹೆಸರು ಕೇಳಬೇಡಿ, ಒಳಗೆ ಅಳತೆಪಟ್ಟಿ ಇಟ್ಟು ನೋಡಿ.

ಇನ್ನು ವಸ್ತುವಿನ ಮಾತು. ಅದಕ್ಕೆ ಮುಂಚೆ ನಿಮ್ಮ ನೀರನ್ನು ಗುರುತಿಸಿ. ನಮ್ಮ ಗಡಿಯುದ್ದಕ್ಕೂ ಕನ್ನಡ ಒಂದೇ, ನೀರು ಮಾತ್ರ ಒಂದೇ ಅಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರಾ ಈ ಬಯಲು ಸೀಮೆಯ ಬೋರಿನ ನೀರು ಸಾಮಾನ್ಯವಾಗಿ ಗಡಸು. ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ, ಹಂಡೆಯ ತಳದಲ್ಲಿ ಬಿಳಿಯ ಪರೆ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾದಾಗ ಕರಗಿದ ಸ್ಥಿತಿಯಲ್ಲಿ ಇರಲಾರದೆ ಕಲ್ಲಾಗಿ ಕೂರುತ್ತದೆ. ಹಂಡೆಯ ತಳದಲ್ಲಿ ಕೂತ ಪರೆಯನ್ನು ಕೆರೆದು ತೆಗೆಯಬಹುದು. ಪೈಪಿನೊಳಗೆ ಕೂತದ್ದನ್ನು ಕೆರೆಯುವವರು ಯಾರು? ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಬಿಸಿನೀರಿನ ಪೈಪು 600ನ್ನು ಸಹಿಸುವುದಿಲ್ಲ. 12 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಸುತ್ತಲೂ 2 ಮಿಲಿಮೀಟರ್ ಸುಣ್ಣ ಕೂತರೆ ಉಳಿಯುವುದು 8. ಆಗ ಅಷ್ಟೇ ನೀರಿಗೆ ತಿಕ್ಕಾಟ ಏಳೆಂಟು ಪಟ್ಟು ಏರುತ್ತದೆ. ಅದೇ 2 ಮಿಲಿಮೀಟರ್ ಸುಣ್ಣ 18ರ ಪೈಪಿನಲ್ಲಿ ಕೂತರೆ ಮೂರೂವರೆ ಪಟ್ಟು. ಆದ್ದರಿಂದ ಗಡಸು ನೀರಿನವರು ಬಿಸಿನೀರಿನ ಮುಖ್ಯ ಪೈಪಿಗೆ ಅರ್ಧ ಇಂಚನ್ನು ಯೋಚಿಸಲೇಬೇಡಿ. ಒಳಗೆ ನುಣುಪಾದ ಪ್ಲಾಸ್ಟಿಕ್ ಪೈಪಿನಲ್ಲಿ ಸುಣ್ಣ ನಿಧಾನವಾಗಿ ಹಿಡಿಯುತ್ತದೆ, ಒರಟಾದ ಜಿಐಯಲ್ಲಿ ಬೇಗ ಹಿಡಿಯುತ್ತದೆ. ಎಲ್ಬೋಗಳ ಬಳಿ ಬಿಚ್ಚಬಹುದಾದ ಯೂನಿಯನ್ ಒಂದೆರಡು ಇಡಿಸಿ, ಮುಂದೆ ಉಪಕಾರಕ್ಕೆ ಬರುತ್ತದೆ.

ಕಾಸರಗೋಡು, ವಯನಾಡು, ನೀಲಗಿರಿಯ ಕಡೆ ಇದಕ್ಕೆ ತಿರುಗು ಮುರುಗು. ಮುರಕಲ್ಲಿನ ಬಾವಿಯ ನೀರು, ಗುಡ್ಡ ಕೊರೆದು ತೆಗೆದ ಸುರಂಗದ ನೀರು, ಚಹಾ ತೋಟದ ಒರತೆಯ ನೀರು ಮೆತ್ತಗಿನ ನೀರು. ಸುಣ್ಣದ ಭಯವಿಲ್ಲ. ಆದರೆ ಮುರಕಲ್ಲು ಸೀಮೆಯ ಬಾವಿಗಳಲ್ಲಿ ನೀರು ಹುಳಿಯ ಕಡೆಗೆ ವಾಲಿರುವುದು ಸಾಮಾನ್ಯ, ಪಿಎಚ್ ಎಂಬ ಅಳತೆಯಲ್ಲಿ ಆರೂವರೆಗಿಂತ ಕೆಳಗೆ. ಇಂಥ ನೀರು ಲೋಹವನ್ನು ತಿನ್ನುತ್ತದೆ. ಜಿಐ ಹಾಕಿದ ಮನೆಯಲ್ಲಿ ಬೆಳಗಿನ ಮೊದಲ ಚೊಂಬು ಕೆಂಪಗೆ ಬರುತ್ತದೆ. ತಾಮ್ರ ಹಾಕಿದ ಮನೆಯಲ್ಲಿ ನಲ್ಲಿಯ ಕೆಳಗಿನ ಬಿಳಿ ಟೈಲ್ಸಿನ ಮೇಲೆ ನೀಲಿ ಹಸಿರು ಗೆರೆ ಮೂಡುತ್ತದೆ. ಅಂಥ ಗೆರೆ ಕಂಡರೆ ನಿಮ್ಮ ಪೈಪು ಕರಗುತ್ತಿದೆ ಎಂದರ್ಥ. ಅಲ್ಲಿಯವರಿಗೆ ಪ್ಲಾಸ್ಟಿಕ್ಕೇ ಲೇಸು.

ಜಿಐ ಪೈಪಿನ ಬಗ್ಗೆ ಇನ್ನೊಂದು ಮಾತು. ಅದರ ಮೇಲಿನ ಸತುವಿನ ಲೇಪ ತಣ್ಣೀರಿನಲ್ಲಿ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನೀರು 60 ಡಿಗ್ರಿ ದಾಟಿದರೆ ಆ ಕಾವಲು ಸಡಿಲವಾಗುತ್ತದೆ. ಕೆಲವು ಬಗೆಯ ನೀರಿನಲ್ಲಿ ಸತುವಿನ ಬದಲು ಕಬ್ಬಿಣವೇ ಸವೆಯತೊಡಗುತ್ತದೆ. ಸೋಲಾರಿನ ನೀರು 60 ಡಿಗ್ರಿ ದಾಟುವುದು ದಿನನಿತ್ಯದ ಸಂಗತಿ. ಹಾಗೆಯೇ, ಮೊದಲು ತಾಮ್ರ, ಅದರ ಮುಂದೆ ಜಿಐ, ಈ ಕ್ರಮದಲ್ಲಿ ಎಂದೂ ಜೋಡಿಸಬಾರದು. ತಾಮ್ರದ ಕಣ ನೀರಿನ ಜೊತೆ ಬಂದು ಸತುವಿನ ಮೇಲೆ ಕೂತು ಅಲ್ಲಲ್ಲಿ ತೂತು ಕೊರೆಯುತ್ತದೆ. ತಾಮ್ರ ಒಳ್ಳೆಯ ವಸ್ತು, ಬಾಳಿಕೆಯೂ ಚೆನ್ನ, ನೀರು ಹುಳಿಯಲ್ಲದ ಕಡೆ ದುಡ್ಡಿದ್ದವರು ಧಾರಾಳವಾಗಿ ಹಾಕಬಹುದು. ಬೆಸುಗೆ ಬಲ್ಲ ಕೆಲಸಗಾರ ಮಾತ್ರ ಹಳ್ಳಿಯ ಕಡೆ ಸಿಗುವುದು ಕಷ್ಟ.

ಈಗ ಎಲ್ಲಕ್ಕಿಂತ ಹೆಚ್ಚು ತೊಂದರೆ ಮಾಡುವ ವಿಷಯಕ್ಕೆ ಬರುತ್ತೇನೆ. ತಣ್ಣೀರಿಗೆ ಬಳಸುವ ಸಾಮಾನ್ಯ ಪಿವಿಸಿ ಪೈಪು 45 ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ಬಿಸಿಯಾದರೆ ಅದು ಮೆತ್ತಗಾಗುತ್ತದೆ, ಜೋತುಬೀಳುತ್ತದೆ, ಕೀಲು ಬಿಡುತ್ತದೆ. ಇದು ಗೊತ್ತಿದ್ದೂ, ಮಿಕ್ಕ ಎರಡು ತುಂಡು ಪಿವಿಸಿ ಇದೆಯಲ್ಲ ಎಂದು ಬಿಸಿನೀರಿಗೆ ಸೇರಿಸಿಬಿಡುವವರಿದ್ದಾರೆ. ಹೊಸೂರಿನ ಕಡೆ ನನಗೆ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಗಂಡ ಹೆಂಡತಿ ಇಬ್ಬರೂ ವಯಸ್ಸಾದವರು. ತಾರಸಿಯಿಂದ ಬಚ್ಚಲವರೆಗೆ ಸರಿಯಾದ ಪೈಪೇ ಇತ್ತು, ಬೇಸಿನ್ನಿನ ಕೆಳಗಿನ ಮೂರಡಿ ಮಾತ್ರ ಪಿವಿಸಿ. ಎರಡು ವರ್ಷ ಏನೂ ಆಗಲಿಲ್ಲ. ಒಂದು ಏಪ್ರಿಲ್ ತಿಂಗಳು ಮದುವೆಗೆಂದು ನಾಲ್ಕು ದಿನ ಊರಿಗೆ ಹೋದರು. ನಾಲ್ಕು ದಿನದ ಬಿಸಿಲು, ಒಂದು ಚೊಂಬು ನೀರೂ ಖರ್ಚಾಗಲಿಲ್ಲ. ಸೋಲಾರಿನ ತೊಟ್ಟಿಯ ನೀರು ಕೊತಕೊತ ಎನ್ನುವ ಮಟ್ಟಕ್ಕೆ ಏರಿತ್ತು. ವಾಪಸು ಬಂದ ಸಂಜೆ ಆ ತಾಯಿ ಕೈ ತೊಳೆಯಲು ನಲ್ಲಿ ತಿರುಗಿಸಿದರು. ಕೆಳಗಿನ ಕೀಲು ಬಿಟ್ಟು ನೀರೆಲ್ಲ ಪಾದದ ಮೇಲೆ ಸುರಿಯಿತು. ಅವರು ಒಂದೂವರೆ ತಿಂಗಳು ಚಪ್ಪಲಿ ಮೆಟ್ಟಲಾಗಲಿಲ್ಲ. ಆ ಮೂರಡಿ ಪೈಪಿನಲ್ಲಿ ಉಳಿದ ದುಡ್ಡು ಎಷ್ಟಿರಬಹುದು, ನೀವೇ ಅಂದಾಜು ಮಾಡಿ.

60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳದು, ಮುದುಕರದು ಇನ್ನೂ ಬೇಗ. 50 ಡಿಗ್ರಿಯಾದರೆ ಅಷ್ಟೇ ಸುಡಲು ಕೆಲವು ನಿಮಿಷ ಬೇಕು, ಕೈ ಹಿಂತೆಗೆಯಲು ಸಮಯ ಸಿಗುತ್ತದೆ. ಬಚ್ಚಲಲ್ಲಿ ತಣ್ಣೀರು ಬೆರೆಸುವ ನಲ್ಲಿ ಇರಲೇಬೇಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂದು ಮಕ್ಕಳಿಗೆ ರೂಢಿ ಮಾಡಿಸಿ.

ಸಿಪಿವಿಸಿ ಪೈಪು ನೋಡಲು ಕೆನೆ ಬಣ್ಣದ್ದು. 90 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ, ಆದರೆ ಬಿಸಿ ಏರಿದಂತೆ ಅದು ತಡೆಯುವ ಒತ್ತಡ ಇಳಿಯುತ್ತದೆ. ಪೈಪಿನ ಮೈಮೇಲೆ ಐಎಸ್ 15778 ಎಂಬ ಮಾನಕದ ಸಂಖ್ಯೆ ಇದೆಯೇ ನೋಡಿ. ಪಕ್ಕದಲ್ಲಿ ಎಸ್‌ಡಿಆರ್ ಎಂದು 11 ಅಥವಾ 13.5 ಎಂದಿರುತ್ತದೆ. ಹೆಚ್ಚಿನ ಸಂಖ್ಯೆ ಹೆಚ್ಚು ಗಟ್ಟಿ ಎಂದು ತಿಳಿಯುವುದು ಸಹಜ. ಇಲ್ಲಿ ಉಲ್ಟಾ. ಹೊರ ಅಳತೆಯನ್ನು ಗೋಡೆಯ ದಪ್ಪದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಸಂಖ್ಯೆ ಚಿಕ್ಕದಾದಷ್ಟೂ ಗೋಡೆ ದಪ್ಪ. ಬಿಸಿನೀರಿಗೆ 11 ಕೇಳಿ ಪಡೆಯಿರಿ. ಅದನ್ನು ಅಂಟಿಸುವ ಸೊಲ್ಯೂಷನ್ ಬೇರೆ, ಪಿವಿಸಿಯ ಸೊಲ್ಯೂಷನ್ ಬೇರೆ. ಡಬ್ಬಿಯನ್ನು ನೀವೇ ಓದಿ ನೋಡಿ.

ಪಿಪಿಆರ್ ಪೈಪನ್ನು ಅಂಟಿಸುವುದಿಲ್ಲ, 260 ಡಿಗ್ರಿ ಕಾದ ಯಂತ್ರದಲ್ಲಿ ಎರಡು ತುದಿಗಳನ್ನು ಕರಗಿಸಿ ಕೂಡಿಸುತ್ತಾರೆ. ಸರಿಯಾಗಿ ಕೂಡಿದರೆ ಕೀಲು ಪೈಪಿಗಿಂತ ಗಟ್ಟಿ. ಹೆಚ್ಚು ಹೊತ್ತು ಕರಗಿಸಿದರೆ ಒಳಗೆ ಉಂಗುರದಂತೆ ಉಬ್ಬಿ ದಾರಿ ಮುಚ್ಚುತ್ತದೆ. ಹಾಗಾಗಿ ಅದು ಪೈಪಿಗಿಂತ ಕೈಯನ್ನು ನಂಬಿದ ಕೆಲಸ. ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಇರುವ ಪೈಪೂ ಉಂಟು. ಕೈಯಿಂದ ಬಾಗಿಸಬಹುದು, ಎಲ್ಬೋ ಕಡಿಮೆ ಸಾಕು.

ಪ್ಲಾಸ್ಟಿಕ್ ಯಾವುದೇ ಇರಲಿ, ಬಿಸಿಯಾದರೆ ಉದ್ದವಾಗುತ್ತದೆ. ಹತ್ತು ಮೀಟರ್ ಉದ್ದದ ಪೈಪು 40 ಡಿಗ್ರಿ ಬಿಸಿಯೇರಿದರೆ ಉಕ್ಕಿನದು 5 ಮಿಲಿಮೀಟರ್ ಬೆಳೆಯುತ್ತದೆ, ತಾಮ್ರದ್ದು 7. ಸಿಪಿವಿಸಿ ಬೆಳೆಯುವುದು ಸುಮಾರು 26, ಪಿಪಿಆರ್ 60. ದಿನವೂ ಬೆಳೆಯುತ್ತದೆ, ದಿನವೂ ಕುಗ್ಗುತ್ತದೆ. ತಾರಸಿಯ ಮೇಲೆ ನೇರವಾಗಿ ಎಳೆದು ಎರಡೂ ತುದಿಯನ್ನು ಸಿಮೆಂಟಿನಲ್ಲಿ ಬಿಗಿದರೆ ಎಲ್ಬೋ ಸೀಳುವುದು ಖಂಡಿತ. ನಡುವೆ ಒಂದು ಕಡೆ ಪ ಆಕಾರದ ಬಳಸು ಕೊಡಿಸಿ, ಕ್ಲಾಂಪುಗಳು ಸಡಿಲವಾಗಿ ಹಿಡಿದಿರಲಿ. ಬಿಸಿಲಿಗೆ ಬಿದ್ದ ಪೈಪನ್ನು ಬರಿಮೈಯಲ್ಲಿ ಬಿಡಬೇಡಿ. ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ, ರಾತ್ರಿಯ ಚಳಿ ನೀರನ್ನು ತಣಿಸುತ್ತದೆ. ಕಪ್ಪು ರಬ್ಬರ್ ಫೋಮಿನ ಕೊಳವೆಯನ್ನು ತೊಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿಸಿದರೆ ಎರಡಕ್ಕೂ ತಡೆ. ನೀಲಗಿರಿಯವರು, ತಾಳವಾಡಿ ಬೆಟ್ಟದವರು ಇದನ್ನು ಉಳಿತಾಯದ ಲೆಕ್ಕದಲ್ಲಿ ಬಿಡಬಾರದು. 60 ಡಿಗ್ರಿ ನೀರಿರುವ ಮುಕ್ಕಾಲು ಇಂಚಿನ ಬರಿಯ ಪೈಪು, ಸುತ್ತ 20 ಡಿಗ್ರಿ ಇದ್ದರೆ, ಮೀಟರಿಗೆ ಸುಮಾರು 30 ವಾಟಿನಂತೆ ಬಿಸಿ ಚೆಲ್ಲುತ್ತದೆ. ಗಾಳಿ ಬೀಸಿದರೆ ಇನ್ನೂ ಹೆಚ್ಚು.

ಸೌದೆಯ ಬಾಯ್ಲರೋ ಬಂಬವೋ ಇಟ್ಟುಕೊಂಡು ಅದರಿಂದ ಪೈಪು ಎಳೆಯುವವರು ಈ ಮಾತನ್ನು ಗಮನವಿಟ್ಟು ಕೇಳಬೇಕು. ಸೌದೆಯ ಬೆಂಕಿಗೆ ಗೀಸರಿನಂತೆ ತಾನಾಗಿ ಆರುವ ಸ್ವಿಚ್ಚಿಲ್ಲ. ನೀರು ಕುದಿದೇ ಕುದಿಯುತ್ತದೆ. ಅಲ್ಲಿಂದ ಹೊರಡುವ ಪೈಪು ಲೋಹದ್ದೇ ಆಗಿರಬೇಕು, ಯಾವ ಪ್ಲಾಸ್ಟಿಕ್ಕೂ ಅಲ್ಲಿಗೆ ಸಲ್ಲದು. ಹಬೆ ಹೊರಹೋಗಲು ಮೇಲಕ್ಕೆ ತೆರೆದ ಒಂದು ಪೈಪು ಇರಬೇಕು, ಅದಕ್ಕೆ ವಾಲ್ವನ್ನಾಗಲಿ ಬಿರಡೆಯನ್ನಾಗಲಿ ಯಾವ ಕಾರಣಕ್ಕೂ ಹಾಕಬಾರದು. ಹೊಗೆ ಬರುತ್ತದೆ, ನೀರು ಚಿಮ್ಮುತ್ತದೆ ಎಂದು ಅದನ್ನು ಮುಚ್ಚಿದರೆ ಬಾಯ್ಲರು ಸಿಡಿಯಬಹುದು, ಜೀವ ಹೋಗಬಹುದು. ಸೋಲಾರಿನ ತೊಟ್ಟಿಯ ಮೇಲಿನ ಗಾಳಿಪೈಪಿಗೂ ಇದೇ ನಿಯಮ. ಅದರ ತುದಿ ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಇಳಿಯುವ ಪೈಪು ನಡುವೆ ಎಲ್ಲೂ ಏರಿ ಇಳಿಯಬಾರದು. ಏರಿದ ಗೂನಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ, ತೊಟ್ಟಿ ತುಂಬ ನೀರಿದ್ದೂ ನಲ್ಲಿಯಲ್ಲಿ ಹನಿ ಬರುವುದಿಲ್ಲ.

ಪೈಪು ಕೊಳ್ಳಲು ಹೋದಾಗ ನಮ್ಮಂಥ ಎರಡು ಭಾಷೆಯ ಊರಿನವರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. ನಾವು ನಲ್ಲಿ ಎನ್ನುತ್ತೇವೆ, ಉತ್ತರದವರು ನಳ ಎನ್ನುತ್ತಾರೆ, ಪೂರ್ವದವರು ಕೊಳಾಯಿ ಎನ್ನುತ್ತಾರೆ. ಮನೆಯಲ್ಲಿ ಏನೇ ಎನ್ನಿ, ಅಂಗಡಿಯವರ ಹತ್ತಿರ ಅವರ ಮಾತಿನಲ್ಲೇ ಕೇಳಿ. ಹೊಸೂರಿನಲ್ಲಾದರೆ ಸುಡುತಣ್ಣಿ ಪೈಪ್, ಆದೋನಿಯಲ್ಲಾದರೆ ವೇಡಿ ನೀಳ್ಳ ಪೈಪು, ಅಕ್ಕಲಕೋಟೆಯಲ್ಲಿ ಗರಮ್ ಪಾಣಿ, ಕಾಸರಗೋಡಿನಲ್ಲಿ ಚೂಡುವೆಳ್ಳಂ. ಬರೀ 'ಪೈಪು ಕೊಡಿ' ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಬಿಸಿನೀರಿಗೆ ಎಂದು ಹೇಳಿ, ಬಿಲ್ಲಿನ ಮೇಲೂ ಪೈಪಿನ ಪೂರ್ತಿ ಹೆಸರು, ಮಾನಕದ ಸಂಖ್ಯೆ ಬರೆಸಿ. ಕೆಲಸದವರು ಗಡಿಯಾಚೆಯಿಂದ ಬಂದವರಾದರೆ, ನಾಳೆ ಮಾತು ಬಂದಾಗ ಆ ಬಿಲ್ಲೇ ಸಾಕ್ಷಿ.

ಪೈಪು ಹಾಕಿ ಮುಗಿದ ದಿನವೇ ಗಾರೆ ಮೆತ್ತಲು ಬಿಡಬೇಡಿ. ಸೊಲ್ಯೂಷನ್ ಹಾಕಿದ ಕೀಲು ಒಣಗಲು ಒಂದು ದಿನ ಕೊಡಿ. ಆಮೇಲೆ ಎಲ್ಲ ನಲ್ಲಿಗಳಿಗೂ ಬಿರಡೆ ಹಾಕಿ ನೀರು ತುಂಬಿಸಿ, ಕೈ ಪಂಪಿನಿಂದ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿಸಿ. ಬೆಳಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಸೋರಿದೆ ಎಂದರ್ಥ, ಆಗ ಹುಡುಕುವುದು ಸುಲಭ. ಆ ಬಳಿಕ ಒಂದು ಹಾಳೆಯ ಮೇಲೆ ಗೋಡೆಯ ಚಿತ್ರ ಬರೆದು, ಪೈಪು ನೆಲದಿಂದ ಎಷ್ಟು ಅಡಿ ಎತ್ತರದಲ್ಲಿ, ಬಾಗಿಲ ಚೌಕಟ್ಟಿನಿಂದ ಎಷ್ಟು ಅಡಿ ದೂರದಲ್ಲಿ ಹೋಗಿದೆ ಎಂದು ಗುರುತು ಹಾಕಿ. ಕೈಯಲ್ಲಿ ಫೋನಿದ್ದರೆ ಫೋಟೋ ತೆಗೆದಿಡಿ. ಮುಂದೆ ಎಂದಾದರೂ ಕನ್ನಡಿ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುವವರು ನಿಮ್ಮ ಮಗನೋ ಸೊಸೆಯೋ ಆಗಿರುತ್ತಾರೆ, ಪೈಪು ಎಲ್ಲಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಆ ಹಾಳೆಯನ್ನು ಮನೆಯ ಪತ್ರಗಳ ಜೊತೆಗೇ ಇಟ್ಟಿರಿ.